ವಿಕ್ಟರಣ್ಣನ ಕಾರಿಗೆ ಕ್ಲಚ್ ಹಾಕಲು ಮೆಲ್ಬರ್ನಿಗೆ

ಯಶವಂತಪುರದಿಂದ

ಅರವತ್ತೊಂದನೆಯ ವಯಸ್ಸಿನವರೆಗೆ ನಾನು ಕಂಡಿದ್ದ ಅತಿ ದೂರದ ಊರು ಮುಂಬೈ. ಅದೂ ಒಂದು ಲಾರಿಯ ಗೇರ್‌ಬಾಕ್ಸ್ ತರಲು ಹೋಗಿ, ಎರಡೇ ದಿನಕ್ಕೆ ವಾಪಸು ಬಂದಿದ್ದೆ. ಆಸ್ಟ್ರೇಲಿಯಾಕ್ಕೆ ಹೋಗಿದ್ದೂ ಒಂದು ಕ್ಲಚ್ಚಿಗಾಗಿಯೇ ಎಂದರೆ ನಮ್ಮ ಅಬ್ಬಿಗೆರೆಯಲ್ಲಿ ಈಗಲೂ ಕೆಲವರು ನಂಬುವುದಿಲ್ಲ. ಬೇರೆ ಏನೋ ವ್ಯವಹಾರ ಇರಬೇಕು ಅಂದುಕೊಂಡಿದ್ದಾರೆ.

ವಿಕ್ಟರಣ್ಣ ನನಗಿಂತ ಏಳು ವರ್ಷ ದೊಡ್ಡವನು, ಆರ್.ಟಿ. ನಗರದವನು. ಯಶವಂತಪುರದಲ್ಲಿ ಈಗ ನನ್ನದಾಗಿರುವ ಗ್ಯಾರೇಜನ್ನು ಮೊದಲು ನಡೆಸುತ್ತಿದ್ದವನೇ ಅವನು. ಸ್ಪ್ಯಾನರ್ ಹಿಡಿಯುವುದನ್ನು ನಾನು ಕಲಿತದ್ದು ಅವನ ಕೈಕೆಳಗೆ. ಮದುವೆಯಾದ ಕೆಲವು ವರ್ಷಗಳಿಗೆ ಹೆಂಡತಿ ರೀಟಾಳೊಂದಿಗೆ ಮೆಲ್ಬರ್ನಿಗೆ ಹೋದ. ಅಲ್ಲಿನ ಒಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ. ಮೂರು ದಶಕಗಳಲ್ಲಿ ನಾವಿಬ್ಬರೂ ಫೋನಿನಲ್ಲಿ ಮಾತಾಡದ ತಿಂಗಳು ಇರಲಿಲ್ಲ, ಮಾತಾಡಿದ್ದೆಲ್ಲ ಗಾಡಿಗಳ ವಿಷಯವೇ.

ಅವನ ಬಳಿ ಐವತ್ತು ವರ್ಷ ದಾಟಿದ ಒಂದು ಕಾರಿದೆ. ಎರಡು ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಅಂಥವನ್ನು ಮಸಲ್ ಕಾರ್ ಅನ್ನುತ್ತಾರೆ. ಒಂದು ದಿನ ಅವನು ಫೋನ್ ಮಾಡಿದಾಗ ನಾನು ಒಂದು ಜೀಪಿನ ಕೆಳಗೆ ಮಲಗಿದ್ದೆ.

"ಮುನಿ, ಕ್ಲಚ್ ಒತ್ತೋಕಾಗ್ತಿಲ್ಲ ಕಣೋ. ಇಲ್ಲಿಯವ್ರಿಗೆ ಕೊಟ್ರೆ ರೇಸ್ ಗಾಡಿ ಮಾಡಿ ಕೊಡ್ತಾರೆ. ನೀನೇ ಬಾ," ಎಂದ.

ನಾನು ತಮಾಷೆ ಅಂದುಕೊಂಡೆ. ವಾರ ಕಳೆಯುವುದರೊಳಗೆ ಅವನು ಆಮಂತ್ರಣದ ಕಾಗದ ಕಳಿಸಿದ. ಮೂವತ್ತು ವರ್ಷದಲ್ಲಿ ಅವನು ನನ್ನಿಂದ ಏನನ್ನೂ ಕೇಳಿರಲಿಲ್ಲ. ನನ್ನ ಹೆಂಡತಿ, "ಹೋಗ್ಬನ್ನಿ, ಕರೀತಿರೋದು ಗಾಡಿಗಲ್ಲ ಅನ್ಸುತ್ತೆ," ಎಂದು ಚೀಲ ತುಂಬತೊಡಗಿದಳು.

ಮೆಲ್ಬರ್ನ್ ವಿಮಾನ ನಿಲ್ದಾಣ

ಕ್ಲಚ್ ಪ್ಲೇಟನ್ನು ಕೂರಿಸುವಾಗ ಅದು ಸರಿಯಾಗಿ ನಡುಮಧ್ಯಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಒಳಗೆ ಹೋಗುವುದಿಲ್ಲ. ಹಾಗೆ ನಿಲ್ಲಿಸಲು ತಾತ್ಕಾಲಿಕವಾಗಿ ತೂರಿಸುವ ಒಂದು ಕೋಲಿದೆ. ನಮ್ಮಲ್ಲಿ ಅದಕ್ಕೆ ಡಮ್ಮಿ ಶಾಫ್ಟ್ ಅನ್ನುತ್ತಾರೆ. ನಾನು ಒಬ್ಬ ಬಡಗಿಯಿಂದ ಮರದಲ್ಲಿ ಒಂದನ್ನು ಕಡೆಸಿ, ಬನಿಯನ್ನಿನಲ್ಲಿ ಸುತ್ತಿ ತಂದಿದ್ದೆ.

ವಿಮಾನದಲ್ಲಿ ಕೊಟ್ಟ ಕಾಗದದಲ್ಲಿ ಮರದ ವಸ್ತು ಇದೆಯೇ ಎಂಬ ಪ್ರಶ್ನೆ ಇತ್ತು. ಸುಳ್ಳು ಬರೆಯುವುದು ಬೇಡವೆಂದು ಇದೆ ಎಂದು ಗುರುತು ಹಾಕಿದೆ. ಹಾಗಾಗಿ ಎತ್ತರದ ಒಬ್ಬ ಮಹಿಳಾ ಅಧಿಕಾರಿ ನನ್ನ ಚೀಲ ಬಿಚ್ಚಿಸಿದರು. ಶಾಫ್ಟನ್ನು ಬೆಳಕಿಗೆ ಹಿಡಿದು, ಹುಳು ಕೊರೆದ ತೂತಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ, ಇದು ಏನು ಎಂದು ಕೇಳಿದರು. ಕ್ಲಚ್ ಎಂದೆ. ಅವರಿಗೆ ನನ್ನ ಉಚ್ಚಾರಣೆ ಹತ್ತಲಿಲ್ಲ. ಬೇರೆ ದಾರಿ ಕಾಣದೆ ಎಡಗಾಲು ಎತ್ತಿ ಒತ್ತಿ, ಎಡಗೈಯಲ್ಲಿ ಗೇರ್ ಹಾಕಿ, ಬಾಯಲ್ಲಿ ಲಾರಿಯ ಸದ್ದು ಮಾಡಿ ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ಯಾರೂ ನಗಲಿಲ್ಲ, ಗೊಣಗಲೂ ಇಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಜನ ನನ್ನ ಪರವಾಗಿ, ನಾಲ್ಕು ಜನ ಅವರ ಪರವಾಗಿ ಮಾತಾಡುತ್ತಿದ್ದರು. ಕೊನೆಗೆ ಅಧಿಕಾರಿಗೆ ಅರ್ಥವಾಯಿತು. ಶಾಫ್ಟನ್ನು ಮತ್ತೆ ಬನಿಯನ್ನಿನಲ್ಲಿ ಸುತ್ತಿ, ಮಗುವನ್ನು ಕೊಟ್ಟಂತೆ ಕೈಗೆ ಕೊಟ್ಟರು. ಹೆಂಡತಿ ಕಟ್ಟಿಕೊಟ್ಟಿದ್ದ ಹಸಿ ಕರಿಬೇವು ಮಾತ್ರ ಕಸದ ಡಬ್ಬಿಗೆ ಹೋಯಿತು.

ಹೊರಗೆ ವಿಕ್ಟರಣ್ಣ ಮತ್ತು ರೀಟಕ್ಕ ನಿಂತಿದ್ದರು. ಅವನ ಕೂದಲು ಪೂರಾ ಬೆಳ್ಳಗಾಗಿತ್ತು. ರೀಟಕ್ಕ ತಮ್ಮ ಆಟೊಮ್ಯಾಟಿಕ್ ಕಾರು ತಂದಿದ್ದರು. ಅದಕ್ಕೆ ಕ್ಲಚ್ಚೂ ಇಲ್ಲ, ಕೈಯಲ್ಲಿ ಗೇರ್ ಬದಲಿಸುವ ಕೆಲಸವೂ ಇಲ್ಲ. ಅವರೇ ಓಡಿಸಿದರು. ದಾರಿಯುದ್ದಕ್ಕೂ ವಿಕ್ಟರಣ್ಣ ಕಿಟಕಿಯಾಚೆ ನೋಡುತ್ತ ಹೆಬ್ಬಾಳದಲ್ಲಿ ಈಗ ಎಷ್ಟು ಫ್ಲೈಓವರ್ ಆಗಿವೆ, ಯಲಹಂಕದವರೆಗೆ ಮನೆಗಳು ಬಂದಿವೆಯಾ ಎಂದೆಲ್ಲ ಕೇಳಿದ. ಯಲಹಂಕ ದಾಟಿ ಎಷ್ಟೋ ದೂರ ಹೋಗಿವೆ ಎಂದೆ.

ವಿಕ್ಟರಣ್ಣನ ಮನೆ

ಅವರ ಬೀದಿ ಭಾನುವಾರ ಮಧ್ಯಾಹ್ನದ ವಿದ್ಯಾರಣ್ಯಪುರದ ಹಾಗೆ, ಕುಕ್ಕರ್ ಕೂಗೊಂದನ್ನು ಕಳೆದರೆ. ಎದುರುಮನೆಯವರು ಪ್ರತಿ ಬೆಳಿಗ್ಗೆ ಹುಲ್ಲಿಗೆ ನೀರು ಬಿಡುತ್ತ ನಾನು ಹೇಗಿದ್ದೇನೆ ಎಂದು ಕೇಳುತ್ತಿದ್ದರು. ಮೊದಲ ದಿನ ನಾನು ನಿಂತು, ನಿದ್ದೆ ಬರಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ವಿವರವಾಗಿ ಹೇಳಿದೆ. ಅವರು ಪೈಪು ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡರು. ಅದಕ್ಕೆ ಚೆನ್ನಾಗಿದ್ದೇನೆ ಅಂದರೆ ಸಾಕು ಎಂದು ರೀಟಕ್ಕ ಆಮೇಲೆ ತಿಳಿಸಿದರು.

ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿ ಹಳೆಯ ಬೆಡ್‌ಶೀಟು ಹೊದ್ದು ನಿಂತಿತ್ತು. ಒಳಗೆ ಕೂತು ಕ್ಲಚ್ ಪೆಡಲ್ ಒತ್ತಿದೆ. ಗೋಡೆಯನ್ನು ಒತ್ತಿದಂತಾಯಿತು. ಸ್ನಾನದ ಮನೆಯಲ್ಲಿದ್ದ ತೂಕದ ಯಂತ್ರವನ್ನು ಪೆಡಲಿಗೆ ಒರಗಿಸಿ ಅದರ ಮೇಲೆ ಕಾಲಿಟ್ಟು ಒತ್ತಿದರೆ ಮುಳ್ಳು ಮೂವತ್ತು ಕೆ.ಜಿ.ಯ ಹತ್ತಿರ ಹೋಯಿತು. ಹಿಂದಿನ ಮಾಲೀಕ ಯಾರೋ ಪಂದ್ಯಕ್ಕೆಂದು ಗಟ್ಟಿ ಸ್ಪ್ರಿಂಗಿನ ಕ್ಲಚ್ ಹಾಕಿಸಿದ್ದನಂತೆ. ಇದನ್ನು ಸಂಜೆ ಹೊತ್ತು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಓಡಿಸಿದರೆ ಕಾಲನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ ಎಂದೆ. ವಿಕ್ಟರಣ್ಣ ಗೆದ್ದವನಂತೆ ರೀಟಕ್ಕನ ಕಡೆ ನೋಡಿದ. ಅವರು ಒಳಗೆ ಹೋದರು.

ಮರುದಿನ ಕೆಲಸ ಶುರು ಮಾಡಿದೆವು. ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಸಾಮಾನು ಕೊಡುತ್ತಿದ್ದ, ನಾನು ಕೆಳಗೆ ಮಲಗಿದ್ದೆ. ಯಶವಂತಪುರದ ದಿನಗಳಲ್ಲಿ ಇದು ತಿರುಗುಮುರುಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಇಳಿಸಿ, ಸವೆದ ಕ್ಲಚ್ ಪ್ಲೇಟನ್ನು ಹೊರತೆಗೆದೆ. ಹೊರಳಿ ಏಳುವಾಗ ನೆಲದ ಮೇಲೆ ಕಪ್ಪಗೆ ಒಂದು ಕಲೆ ಕಂಡಿತು. ಎಣ್ಣೆ ಎಂದು ಬಟ್ಟೆಯಿಂದ ಒರೆಸಿದರೆ ಬಟ್ಟೆ ಕೆಂಪಾಯಿತು.

ಒಂದು ತುಂಡು ತಂತಿ ವಿಕ್ಟರಣ್ಣನ ರಬ್ಬರ್ ಚಪ್ಪಲಿಯನ್ನು ತೂರಿ ಎಡ ಹಿಮ್ಮಡಿಗೆ ಹೊಕ್ಕಿತ್ತು. ಅವನು ಅದರ ಮೇಲೇ ನಡೆದಾಡುತ್ತಿದ್ದ.

"ವಿಕ್ಟರಣ್ಣ, ನೋಯ್ತಿಲ್ವಾ?" ಎಂದೆ.

"ಏನು?" ಎಂದು ಕೇಳಿದ. ಆಮೇಲೆ ಬಗ್ಗಿ ನೋಡಿದ.

ರೀಟಕ್ಕ ಔಷಧದ ಡಬ್ಬಿ ತಂದು ತಂತಿ ತೆಗೆದು, ತೊಳೆದು, ಪಟ್ಟಿ ಕಟ್ಟಿದರು. ಡಬ್ಬಿಯಲ್ಲಿ ಪಟ್ಟಿಗಳನ್ನು ಅಳತೆಗೆ ಮೊದಲೇ ಕತ್ತರಿಸಿಟ್ಟಿದ್ದರು. ಇದು ಮೊದಲನೆಯ ಸಲವಲ್ಲ ಎಂದು ಆಗಲೇ ಗೊತ್ತಾಯಿತು. ಅವನು ಮಲಗಿದ ಮೇಲೆ ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿದರು. ಸಕ್ಕರೆ ಕಾಯಿಲೆಯಿಂದ ಅವನ ಪಾದಗಳಿಗೆ ಸ್ಪರ್ಶ ತಿಳಿಯುವುದಿಲ್ಲ. ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಎರಡು ಸಲ ಸಿಗ್ನಲ್ಲಿನಲ್ಲಿ, ಕ್ಲಚ್ ಒತ್ತಿದ್ದೇನೆ ಅಂದುಕೊಂಡು ಬರೀ ನೆಲ ಒತ್ತಿದ್ದಾನೆ. ಕಾರು ಎದುರಿನವರಿಗೆ ತಗಲುವುದರಲ್ಲಿತ್ತು.

"ಕೆಟ್ಟಿರೋದು ಕ್ಲಚ್ ಅಲ್ಲ ಮುನಿರಾಜು, ಕಾಲು. ನಾನ್ ಹೇಳಿದ್ರೆ ಹೆಂಡ್ತಿ ಮಾತು ಅಂತ ತಳ್ಳಿ ಹಾಕ್ತಾರೆ. ನೀನ್ ಹೇಳ್ಬೇಕು," ಎಂದರು.

ನನಗೆ ಕೆಲಸ ಕಲಿಸಿದವನಿಗೆ, ನಿನ್ನ ಕೈಲಿ ಇನ್ನು ಆಗದು ಎಂದು ಹೇಳುವುದು ಹೇಗೆ? ಅದಕ್ಕೇ ಏನೂ ಒಪ್ಪಿಕೊಳ್ಳದೆ, ನೀವು ಯಾವತ್ತೂ ಗೇರ್ ಗಾಡಿ ಓಡಿಸಿಲ್ಲವೇ ಎಂದು ಕೇಳಿದೆ. ಮದುವೆಯಾದ ಹೊಸದರಲ್ಲಿ ಬಾಗಲೂರು ರಸ್ತೆಯಲ್ಲಿ ವಿಕ್ಟರಣ್ಣ ಕಲಿಸಲು ಹೋಗಿದ್ದನಂತೆ. ಮೂರನೆಯ ದಿನ ಅವರು ಒಂದು ರಾಗಿ ಮೆದೆಗೆ ಗುದ್ದಿದ ಮೇಲೆ ಅವನು ಮತ್ತೆ ಸ್ಟೀರಿಂಗ್ ಕೊಡಲಿಲ್ಲವಂತೆ. ಹೇಳುತ್ತ ಹೇಳುತ್ತ ನಕ್ಕರು. ಆ ರಾತ್ರಿ ನನಗೆ ನಿದ್ದೆ ಬರದಿದ್ದುದು ವಿಮಾನದ ಆಯಾಸದಿಂದಲ್ಲ.

ಅಂಗಡಿಯ ಕೌಂಟರು

ಹಳೆಯ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಾನೂ ವಿಕ್ಟರಣ್ಣನೂ ಬಸ್ಸಿನಲ್ಲಿ ಹೊರಟೆವು. ಅವನು ಕುಂಟುತ್ತಿರಲಿಲ್ಲ. ನೋವಿದ್ದರೆ ತಾನೇ ಕುಂಟುವುದು.

ಬಿಡಿಭಾಗದ ಅಂಗಡಿ ಎಂದರೆ ನನ್ನ ಮನಸ್ಸಿನಲ್ಲಿ ಜೆ.ಸಿ. ರಸ್ತೆ. ಅಲ್ಲಿ ಪ್ಲೇಟನ್ನು ಕೌಂಟರಿನ ಮೇಲಿಟ್ಟರೆ ಅಂಗಡಿಯವನು ಬೆರಳಲ್ಲಿ ಅಳೆದು ಮೇಲಿನ ಅಟ್ಟದಿಂದ ಜೊತೆ ಇಳಿಸುತ್ತಾನೆ. ಇಲ್ಲಿ ಗಿಡ್ಡ ಚಡ್ಡಿ ಹಾಕಿದ ಗಡ್ಡದ ಮನುಷ್ಯ ನನ್ನ ಪ್ಲೇಟಿನ ಕಡೆ ನೋಡದೆ ಕಂಪ್ಯೂಟರಿಗೆ ಕಾರಿನ ವರ್ಷ ಹೇಳಿದ. ಅದು ತೋರಿಸಿದ ಪ್ಲೇಟಿನ ನಡುವಿನ ತೂತಿನಲ್ಲಿ ಇಪ್ಪತ್ತಾರು ಹಲ್ಲುಗಳಿದ್ದವು. ನಾನು ಪೇಪರ್ ಬಿಚ್ಚಿ ಎಣಿಸಿ ತೋರಿಸಿದೆ, ಹತ್ತು. ಈ ಕಾರಿಗೆ ಯಾವುದೋ ಕಾಲದಲ್ಲಿ ಬೇರೆ ಗೇರ್‌ಬಾಕ್ಸ್ ಕೂರಿಸಿದ್ದರು. ಆಮೇಲೆ ಅವನು ಕಂಪ್ಯೂಟರ್ ಬಿಟ್ಟು ನನ್ನ ಪ್ಲೇಟನ್ನೇ ಅಳೆದ.

ಮೂರು ಬಗೆಯ ಕ್ಲಚ್ ತಂದಿಟ್ಟ. ಮೊದಲನೆಯದು ಪಂದ್ಯದ್ದು. ಪಿಂಗಾಣಿಯಂಥ ಬಿಲ್ಲೆಗಳಿದ್ದು, ಕಾಲು ತೆಗೆದ ಕೂಡಲೇ ನಾಯಿ ಕಚ್ಚಿದಂತೆ ಕಚ್ಚುತ್ತದೆ. ಎರಡನೆಯದು ಹಳೆಯ ಕಾಲದ ಹಾಗೆ ಸುತ್ತಲೂ ಸುರುಳಿ ಸ್ಪ್ರಿಂಗುಗಳದ್ದು, ಗಟ್ಟಿ, ಭಾರ. ಮೂರನೆಯದರಲ್ಲಿ ಸುರುಳಿಗಳ ಬದಲು ತಟ್ಟೆಯಂಥ ಒಂದೇ ಸ್ಪ್ರಿಂಗು, ಪ್ಲೇಟಿಗೆ ಮಾಮೂಲಿ ಲೈನಿಂಗು. ಒತ್ತಲು ಹಗುರ, ಹಿಡಿಯುವುದೂ ಮೆಲ್ಲಗೆ. ಕ್ಲಚ್ ಕೂರುವ ಎಂಜಿನ್ನಿನ ಚಕ್ರದಲ್ಲಿ, ಅಂದರೆ ನಮ್ಮ ಫ್ಲೈವೀಲಿನಲ್ಲಿ, ಅದರ ಬೋಲ್ಟುಗಳಿಗೂ ತೂತುಗಳಿದ್ದವು.

ವಿಕ್ಟರಣ್ಣ ಎರಡನೆಯದರ ಮೇಲೆ ಕೈಯಿಟ್ಟ. ಇಷ್ಟು ದೊಡ್ಡ ಎಂಜಿನ್ನಿಗೆ ಹಗುರದ್ದು ಜಾರಬಹುದು, ಇದು ಈಗಿರುವುದಕ್ಕಿಂತ ಒಂದಷ್ಟು ಹಗುರ, ತನಗೆ ಸಾಕು ಎಂದ. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, ಪಂದ್ಯಕ್ಕೆ ಒಯ್ಯುತ್ತೀರಾ, ಭಾರ ಎಳೆಸುತ್ತೀರಾ ಎಂದು ವಿಚಾರಿಸಿದ. ಎರಡೂ ಇಲ್ಲ. ಹಾಗಾದರೆ ಓಡಿಸುವವರು ಯಾರು ಎಂದು ಕೇಳಿದ.

ನಾನು ಯೋಚಿಸಿಟ್ಟುಕೊಂಡ ಮಾತಲ್ಲ ಅದು. ಓಡಿಸುವುದು ಒಬ್ಬ ಹೆಂಗಸು, ವಯಸ್ಸು ಅರವತ್ತೈದು ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅಂಗಡಿಯವನು ತಲೆಯಾಡಿಸಿ ಮೂರನೆಯದನ್ನು ಪೆಟ್ಟಿಗೆಗೆ ಹಾಕತೊಡಗಿದ. ವಿಕ್ಟರಣ್ಣ ಎರಡನೆಯದರ ಮೇಲಿಂದ ಕೈ ತೆಗೆದ.

ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಆ ಊರಿನಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಹಿಂಬಾಗಿಲಿನಿಂದ ಇಳಿಯುವವರೂ ಕೂಗಿ ಹೇಳುತ್ತಾರೆ. ನಮ್ಮ ಯಲಹಂಕದ ಬಸ್ಸಿನಲ್ಲಿ ಹಾಗೆ ಕೂಗಿದರೆ ಕಂಡಕ್ಟರ್ ಏನೋ ತಪ್ಪಾಯಿತೆಂದು ಗಾಬರಿಯಾದಾನು. ವಿಕ್ಟರಣ್ಣನೂ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿದ. ಇಡೀ ದಾರಿಯಲ್ಲಿ ಅವನ ಬಾಯಿಂದ ಬಂದದ್ದು ಅದೊಂದೇ ಮಾತು.

ಶೆಡ್ಡಿನಲ್ಲಿ ಎರಡು ದಿನ

ಮಾರನೆಯ ದಿನ ಬೆಳಿಗ್ಗೆ ಅವನು ಶೆಡ್ಡಿಗೆ ಬರಲಿಲ್ಲ. ಫ್ಲೈವೀಲಿನ ಮೈಮೇಲೆ ಬಿಸಿಗೆ ಸುಟ್ಟ ನೀಲಿ ಕಲೆಗಳಿದ್ದವು. ಎದುರುಮನೆಯವರು ತಮ್ಮ ಕಾರಿನಲ್ಲಿ ನನ್ನನ್ನು ಒಂದು ಲೇತ್ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಅದನ್ನು ನುಣ್ಣಗೆ ಮಾಡಿಸಿಕೊಟ್ಟರು. ಎಂಜಿನ್ನಿನ ತುದಿಯಲ್ಲಿ ಸಿಕ್ಕಿಕೊಂಡಿದ್ದ, ಬಳೆಯಂಥ ಒಂದು ಪುಟ್ಟ ಬುಶ್ ಮಾತ್ರ ಏನು ಮಾಡಿದರೂ ಬರಲಿಲ್ಲ. ಅಡುಗೆಮನೆಯಿಂದ ಎರಡು ಸ್ಲೈಸ್ ಬ್ರೆಡ್ ತಂದು, ನೀರಲ್ಲಿ ನೆನೆಸಿ ತೂತಿಗೆ ತುರುಕಿ, ಮೇಲೆ ಸರಳಿಟ್ಟು ಸುತ್ತಿಗೆಯಲ್ಲಿ ಬಡಿದೆ. ಬ್ರೆಡ್ಡು ಒಳಗೆ ಒತ್ತಿದಷ್ಟೂ ಬುಶ್ ಹೊರಗೆ ಬಂತು. ಇದನ್ನು ನನಗೆ ಯಶವಂತಪುರದಲ್ಲಿ ಹೇಳಿಕೊಟ್ಟವನು ಒಳಗೆ ಟಿ.ವಿ. ನೋಡುತ್ತಿದ್ದ.

ಮರದ ಶಾಫ್ಟ್ ಆ ಪ್ಲೇಟಿಗೆ ಹಿಡಿಸಲಿಲ್ಲ. ಹೊಸ ಕ್ಲಚ್ಚಿನ ಪೆಟ್ಟಿಗೆಯಲ್ಲೇ ಪ್ಲಾಸ್ಟಿಕ್ಕಿನದೊಂದು ಇತ್ತು.

ಸಂಜೆ ನಾಲ್ಕರ ಹೊತ್ತಿಗೆ ಹೊಸ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಕೂರಿಸಲು ಹೊರಟಿದ್ದೆ. ಕಾರಿನ ಪಕ್ಕದಲ್ಲಿ ಬೂಟು ಹಾಕಿದ ಎರಡು ಕಾಲು ಬಂದು ನಿಂತವು.

"ರೀಟಾಗೆ ಸೀಟು ಮುಂದಕ್ಕೆ ಹಾಕ್ಬೇಕಾಗುತ್ತೆ," ಎಂದ ವಿಕ್ಟರಣ್ಣ. "ಆ ಸೀಟಿನ ಹಳಿ ತುಕ್ಕು ಹಿಡಿದಿದೆ. ನಾನ್ ಅದನ್ನ ನೋಡ್ತೀನಿ."

ಅಷ್ಟೇ. ಹೂಂ ಎಂದು, ಆ ಬೂಟುಗಳ ಕಡೆಯೇ ನೋಡುತ್ತ ಪ್ಲೇಟ್ ಕೂರಿಸಿ ಬೋಲ್ಟು ಬಿಗಿದೆ. ನನ್ನ ತಲೆಯ ಮೇಲೆ ಅವನು ಸೀಟಿನ ಹಳಿ ಉಜ್ಜುವ ಸದ್ದು ಕೇಳುತ್ತಿತ್ತು.

ಮರುದಿನ ಗೇರ್‌ಬಾಕ್ಸ್ ಏರಿಸಿ ಎಲ್ಲ ಜೋಡಿಸಿ, ಎಂಜಿನ್ ಚಾಲೂ ಮಾಡಿ ಕ್ಲಚ್ ಒತ್ತಿದೆ. ಗೇರ್ ಬೀಳಲಿಲ್ಲ. ಕರಕರ ಎಂದಿತು. ಪೆಡಲಿನ ಕಡ್ಡಿಯನ್ನು ಮತ್ತೆ ಮತ್ತೆ ಸರಿಮಾಡಿ ನೋಡಿದೆ. ವಿಕ್ಟರಣ್ಣ ಬಾನೆಟ್ಟಿನ ಹತ್ತಿರ ಕಿವಿಯಿಟ್ಟು ಕೇಳಿ, ನೆಟ್ಟಗೆ ನಿಂತು ನನ್ನ ಮುಖ ನೋಡಿದ.

"ಮುನಿ, ಪ್ಲೇಟ್ ಹಿಂದುಮುಂದು ಹಾಕಿದ್ದೀಯ ಕಣೋ."

ಹೌದು. ಉಬ್ಬಿದ ಮಗ್ಗುಲು ಗೇರ್‌ಬಾಕ್ಸಿನ ಕಡೆ ಇರಬೇಕು, ನಾನು ಫ್ಲೈವೀಲಿನ ಕಡೆಗೆ ಇಟ್ಟಿದ್ದೆ. ನಲವತ್ತು ವರ್ಷದ ಕೆಲಸದಲ್ಲಿ ಆಗದ ತಪ್ಪು, ಅವನು ಮಾತಾಡಿದ ಆ ಒಂದು ಗಳಿಗೆಯಲ್ಲಿ ಆಗಿಹೋಗಿತ್ತು. ವಿಕ್ಟರಣ್ಣ ಕಾರಿಗೆ ಒರಗಿ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ರೀಟಕ್ಕ ಏನಾಯಿತೆಂದು ಓಡಿಬಂದರು. ಇಡೀ ಕೆಲಸವನ್ನು ಮತ್ತೆ ಬಿಚ್ಚಿ ಮತ್ತೆ ಕಟ್ಟಿದೆವು. ಈ ಸಲ ಪ್ಲೇಟ್ ಕೂರಿಸುವಾಗ ಅವನು ಟಾರ್ಚ್ ಹಿಡಿದು ಪಕ್ಕದಲ್ಲೇ ಮಲಗಿದ್ದ. ಆಮೇಲೆ ತೂಕದ ಯಂತ್ರ ಇಟ್ಟು ಒತ್ತಿದರೆ ಮುಳ್ಳು ಮೊದಲಿನ ಅರ್ಧಕ್ಕೇ ನಿಂತಿತು.

ಆಟದ ಮೈದಾನದ ಪಾರ್ಕಿಂಗು

ನಾವಿಬ್ಬರೂ ಒಂದು ವಿಷಯ ಮರೆತಿದ್ದೆವು. ಊಟದ ಹೊತ್ತಿಗೆ ವಿಕ್ಟರಣ್ಣ ಕಾರಿನ ಬೀಗದ ಕೈಯನ್ನು ರೀಟಕ್ಕನ ತಟ್ಟೆಯ ಪಕ್ಕ ಇಟ್ಟಾಗ ಅವರು ಅದನ್ನು ಮುಟ್ಟಲಿಲ್ಲ.

"ನನ್ನ ಕೇಳಿದ್ರಾ ನೀವಿಬ್ರೂ? ಇವ್ರು ಓಡಿಸ್ಬಾರ್ದು ಅಂದೆ. ನಾನು ಓಡಿಸ್ತೀನಿ ಅಂತ ಯಾವಾಗಂದೆ?" ಎಂದರು.

ಅವರ ಕಾಲಿಗೆಂದು ಕ್ಲಚ್ ಆರಿಸಿದ್ದೆ, ಅವರನ್ನು ಒಂದು ಮಾತೂ ಕೇಳದೆ. ಇಡೀ ಒಂದು ದಿನ ಬೀಗದ ಕೈ ಊಟದ ಮೇಜಿನ ಮೇಲೇ ಇತ್ತು. ಕಾರನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ವಿಕ್ಟರಣ್ಣ ಮೆಲ್ಲಗೆ ನನ್ನೊಡನೆ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಮಾತು ರೀಟಕ್ಕನ ಕಿವಿಗೂ ಬಿದ್ದಿರಬೇಕು.

ಶನಿವಾರ ಬೆಳಿಗ್ಗೆ ಅವರು ಕ್ಯಾನ್ವಾಸ್ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬೀಗದ ಕೈ. ಒಂದು ಸಲ ನೋಡುತ್ತೇನೆ, ಯಾರಾದರೂ ಬೈದರೆ ಅಲ್ಲೇ ಇಳಿದುಬಿಡುತ್ತೇನೆ ಎಂದು ಹೇಳಿದ್ದು ಗಂಡನ ಕಡೆ ನೋಡಿ.

ಮೈದಾನದವರೆಗೆ ನಾನೇ ಓಡಿಸಿದೆ. ಹತ್ತಿರದ ಆಟದ ಮೈದಾನದ ಪಾರ್ಕಿಂಗ್ ಜಾಗ ಬೆಳಗಿನ ಹೊತ್ತು ಖಾಲಿಯಿತ್ತು. ವಿಕ್ಟರಣ್ಣ ದೂರದ ಬೆಂಚಿನ ಮೇಲೆ ಕೂತ, ತಾನಾಗಿಯೇ. ನಾನು ರೀಟಕ್ಕನ ಪಕ್ಕ ಕೂತೆ.

"ಇಂಗೆ ಪೂರ್ತಿ ಒತ್ತಿ ಅಕ್ಕ. ಈಗ ಮೆಲ್ಲಗೆ ಬಿಡಿ. ಗಾಡಿ ಒಂದ್ಸಲ ಮೈ ಮುರಿಯುತ್ತೆ, ಅಲ್ಲಿ ಕಾಲು ನಿಲ್ಸಿ," ಎಂದೆ.

ಐದು ಸಲ ಎಂಜಿನ್ ನಿಂತುಹೋಯಿತು. ಆರನೆಯ ಸಲ ಕಾರು ಮೈ ಮುರಿಯಿತು, ಅವರ ಕಾಲು ಅಲ್ಲೇ ನಿಂತಿತು, ಗಾಲಿ ಉರುಳಿತು. ಒಂದು ಸುತ್ತು ಹಾಕಿದೆವು, ಆಮೇಲೆ ಇನ್ನೊಂದು. ಹತ್ತನೆಯ ಸುತ್ತಿನಲ್ಲಿ ಬೆಂಚಿನ ಹತ್ತಿರ ತಾವಾಗಿಯೇ ನಿಲ್ಲಿಸಿ ಕಿಟಕಿ ಇಳಿಸಿದರು.

"ಹತ್ತಿ," ಎಂದರು ಗಂಡನಿಗೆ.

ಸಮುದ್ರದ ರಸ್ತೆ

ಹೊಸ ಕ್ಲಚ್ಚನ್ನು ಶುರುವಿನಲ್ಲಿ ಮೆಲ್ಲಗೆ ಓಡಿಸಿ ಪಳಗಿಸಬೇಕು. ಆ ನೆಪದಲ್ಲಿ, ನಾನು ಹೊರಡುವ ಹಿಂದಿನ ದಿನ, ಭಾನುವಾರ, ಸಮುದ್ರದ ಅಂಚಿನ ರಸ್ತೆಗೆ ಹೋದೆವು. ನಾನು ಹಿಂದೆ ಕೂತಿದ್ದೆ, ವಿಕ್ಟರಣ್ಣ ರೀಟಕ್ಕನ ಎಡಕ್ಕೆ. ಅವರು ಗೇರ್ ಬದಲಿಸುವಾಗಲೆಲ್ಲ ಅವನ ಎಡಗಾಲು ಮ್ಯಾಟನ್ನು ಒತ್ತುವುದು ನನಗೆ ಕಾಣುತ್ತಿತ್ತು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

ಒಂದು ಕಡೆ ಏರಿನಲ್ಲಿ ಕೆಂಪು ದೀಪ ಬಂತು. ಹಿಂದೆ ನಾಲ್ಕು ಕಾರು ನಿಂತವು. ಹಸಿರಾದಾಗ ನಮ್ಮ ಕಾರು ಒಂದು ಗೇಣು ಹಿಂದಕ್ಕೆ ಜಾರಿ ನಿಂತುಹೋಯಿತು. ವಿಕ್ಟರಣ್ಣನ ಕೈ ಹ್ಯಾಂಡ್‌ಬ್ರೇಕಿನ ಕಡೆಗೆ ಹೋಯಿತು, ಹೋಗಿ ಅರ್ಧಕ್ಕೆ ನಿಂತು, ವಾಪಸು ತೊಡೆಯ ಮೇಲೆ ಬಂತು. ಹಿಂದಿನವರು ಹಾರ್ನ್ ಮಾಡಲಿಲ್ಲ. ರೀಟಕ್ಕ ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಚಾಲೂ ಮಾಡಿ, ಕಾಲನ್ನು ಮೆಲ್ಲಗೆ ಎತ್ತಿ, ಕಾರಿನ ಮೂತಿ ಸ್ವಲ್ಪ ಮೇಲೆದ್ದದ್ದು ನೋಡಿ ಬ್ರೇಕ್ ಬಿಟ್ಟರು. ಏರು ಹತ್ತಿದೆವು.

ಮುಂದೆ ಹೋಗಿ ಮರಳ ದಂಡೆಯ ಪಕ್ಕ ನಿಲ್ಲಿಸಿ, ರೀಟಕ್ಕ ತಂದಿದ್ದ ಚಿತ್ರಾನ್ನ ತಿಂದೆವು. ಅಲ್ಲಿ ಓಡಾಡುತ್ತಿದ್ದ ಒಬ್ಬ ಮುದುಕ ಕಾರನ್ನು ಸುತ್ತು ಬಂದು, ಚೆಂದದ ಗಾಡಿ, ಯಾರದು ಎಂದು ಕೇಳಿದ. ವಿಕ್ಟರಣ್ಣ ಹೆಂಡತಿಯ ಕಡೆ ಕೈ ತೋರಿಸಿ, ಟಿಫಿನ್ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಎಂಜಿನ್ ಒಂದೇ ದನಿಯಲ್ಲಿ ಗುನುಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಗಮನಿಸಿದೆ, ಮ್ಯಾಟಿನ ಮೇಲಿನ ಕಾಲು ಒತ್ತುವುದನ್ನು ನಿಲ್ಲಿಸಿತ್ತು. ವಿಕ್ಟರಣ್ಣನ ತಲೆ ಕಿಟಕಿಗೆ ಒರಗಿತ್ತು, ಸಣ್ಣಗೆ ಗೊರಕೆ ಕೇಳುತ್ತಿತ್ತು. ಸ್ಟೀರಿಂಗ್ ಬೇರೆಯವರ ಕೈಯಲ್ಲಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಲಾರಿಯಲ್ಲಾಗಲಿ ರಾತ್ರಿ ಬಸ್ಸಿನಲ್ಲಾಗಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಮನೆಯ ತಿರುವು ಹತ್ತಿರ ಬಂತು. ರೀಟಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿ, ತಿರುಗಿಸದೆ ನೇರ ಹೋದರು. ಮುಂದೆ ರಸ್ತೆ ಖಾಲಿಯಿತ್ತು. ಕ್ಲಚ್ ಒತ್ತಿ ಮೂರರಿಂದ ನಾಲ್ಕಕ್ಕೆ ಹಾಕಿದರು. ಅವನು ಏಳಲಿಲ್ಲ.